ಸೂಜಿಗಿಂತ ಮೊದಲು ಕ್ಯಾಲೆಂಡರ್

ಕಲಬುರಗಿಯಲ್ಲಿ ನನ್ನ ಕ್ಲಿನಿಕ್. ತೊಗರಿ ರಾಶಿ ಶುರುವಾದರೆ ಕೆಮ್ಮಿನವರ ಸಾಲೂ ಶುರು. ಹೊಟ್ಟಿನ ಧೂಳು ಅಂತ ಅವರೂ ಅನ್ನುತ್ತಾರೆ, ಎಷ್ಟೋ ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ. ದೊಡ್ಡವರಿಗೂ ನಾಯಿಕೆಮ್ಮು ಬರುತ್ತದೆ ಅಂತ ಓದಿದ್ದೆ, ಹುಡುಕಿರಲಿಲ್ಲ. ಅವರಲ್ಲಿ ಕೆಮ್ಮಿದ ಮೇಲೆ ಉಸಿರೆಳೆಯುವಾಗ ಬರುವ ಆ ‘ಹೂಪ್’ ಸದ್ದು ಎಷ್ಟೋ ಸಲ ಇರುವುದೇ ಇಲ್ಲ. ರಾತ್ರಿ ಕೆಮ್ಮಿ ಕೆಮ್ಮಿ ವಾಂತಿಯಾಗುತ್ತದೆ, ಹಗಲು ಆರಾಮಾಗಿ ಕೂತಿರುತ್ತಾರೆ.

ರೋಗಾಣುವಿನ ವಿರುದ್ಧ ಮೈ ತಯಾರಿಸುವ ಆಂಟಿಬಾಡಿಯನ್ನು ರಕ್ತದಲ್ಲಿ ಅಳೆಯುವ ಟೆಸ್ಟ್ ಮೊದಲ ಸಲ ಬರೆದಾಗಲೇ ಎಡವಿದೆ. ಒಬ್ಬ ಮಾಸ್ತರು ಕೆಮ್ಮು ಹತ್ತಿದ ಆರನೇ ದಿನಕ್ಕೆ ಬಂದರು. ರಕ್ತ ಕಳಿಸಿದೆ, ನೆಗೆಟಿವ್ ಬಂತು. ‘ನಾಯಿಕೆಮ್ಮು ಅಲ್ಲ ಬಿಡ್ರಿ’ ಅಂದುಬಿಟ್ಟೆ. ಐದನೇ ವಾರ ಪಕ್ಕೆ ಹಿಡಿದುಕೊಂಡು ಮತ್ತೆ ಬಂದರು. ಈ ಸಲ ಐಜಿಜಿ (ಆಂಟಿಬಾಡಿಯ ಒಂದು ಬಗೆ) 100 ಯೂನಿಟ್ ದಾಟಿ ಎಷ್ಟೋ ಮೇಲಿತ್ತು. ಅಷ್ಟೊತ್ತಿಗೆ ಮನೆಯಲ್ಲಿ ಇನ್ನಿಬ್ಬರು ಕೆಮ್ಮುತ್ತಿದ್ದರು. ತಪ್ಪು ಟೆಸ್ಟಿನದಲ್ಲ, ನನ್ನದು. ಆಂಟಿಬಾಡಿ ಏರಲು ಎರಡು ವಾರವಾದರೂ ಬೇಕಲ್ವಾ? ಕೆಮ್ಮು ಶುರುವಾಗಿ 2ರಿಂದ 8 ವಾರದೊಳಗೆ ರಕ್ತ ತೆಗೆದರೆ ಅದು ಮಾತಾಡುತ್ತದೆ. ಅದಕ್ಕೂ ಮುಂಚೆ ಬಂದವರಿಗೆ ಮೂಗಿನ ಒಳಗಿನಿಂದ ಸ್ವಾಬ್ ತೆಗೆದು ರೋಗಾಣುವನ್ನೇ ಹುಡುಕುವ ಪಿಸಿಆರ್ ಮಾಡಿಸುವುದೇ ಸರಿ.

ಆದರೆ ಶುರುವಾದ ತಾರೀಖು ಯಾರು ಹೇಳುತ್ತಾರೆ? ‘ಭಾಳ ದಿನ ಆತ್ರಿ’ ಅಂತಾರೆ. ಈಗ ಹಬ್ಬ ಹಿಡಿದು ಕೇಳುತ್ತೇನೆ. ‘ಎಳ್ಳ ಅಮಾಸಿಗಿ ಚರಗ ಚೆಲ್ಲಾಕ ಹೋದಾಗ ಇತ್ತೇನು?’ ತಟ್ಟನೆ ಉತ್ತರ ಬರುತ್ತದೆ. ಗೋಡೆಯ ಕ್ಯಾಲೆಂಡರ್ ನೋಡಿ ವಾರ ಎಣಿಸುತ್ತೇನೆ.

ಎರಡನೇ ಪ್ರಶ್ನೆ ಲಸಿಕೆಯದು. ಆರು ವರ್ಷದ ಹುಡುಗನ ರಿಪೋರ್ಟ್ ನೋಡಿ ಒಮ್ಮೆ ಸುಮ್ನೆ ಗಾಬರಿಯಾಗಿದ್ದೆ. ಎರಡು ತಿಂಗಳ ಹಿಂದೆ ನಾಯಿಕೆಮ್ಮಿನದೂ ಸೇರಿದ ಡಿಪಿಟಿ ಲಸಿಕೆಯ ಬೂಸ್ಟರ್ ಆಗಿತ್ತು, ಏರಿದ್ದು ಅದರದೇ ಆಂಟಿಬಾಡಿ ಇರಬಹುದು. ಒಂದು ವರ್ಷದೊಳಗೆ ಲಸಿಕೆ ಆಗಿದ್ದರೆ ಈಗ ನಾನು ಈ ಟೆಸ್ಟ್ ಬರೆಯುವುದಿಲ್ಲ. ಕೆಲವು ಲ್ಯಾಬ್‌ಗಳು ಐಜಿಎಂ (ಇನ್ನೊಂದು ಬಗೆಯ ಆಂಟಿಬಾಡಿ), ಎಫ್‌ಎಚ್‌ಎ (ಈ ರೋಗಾಣುವಿನ ಇನ್ನೊಂದು ಪ್ರೋಟೀನಿನ ವಿರುದ್ಧದ್ದು) ಎಲ್ಲ ಸೇರಿಸಿ ಜಾಸ್ತಿ ದುಡ್ಡು ಕೇಳುತ್ತವೆ. ನನಗೆ ಬೇಕಾದದ್ದು ಪರ್ಟುಸಿಸ್ ಟಾಕ್ಸಿನ್, ಅಂದರೆ ನಾಯಿಕೆಮ್ಮಿನ ರೋಗಾಣು ಬಿಡುವ ವಿಷದ ವಿರುದ್ಧದ ಐಜಿಜಿ ಒಂದೇ. ಎಫ್‌ಎಚ್‌ಎ ಬೇರೆ ಬ್ಯಾಕ್ಟೀರಿಯಾದಿಂದಲೂ ಏರುತ್ತದೆ.

ಹೋದ ಸಲದ ರಾಶಿ ಹೊತ್ತಿಗೆ ಆಳಂದ ಕಡೆಯ ಒಬ್ಬ ಅಜ್ಜಿ ಬಂದಿದ್ದರು. ಎಳ್ಳ ಅಮಾಸಿಯಿಂದ ನಾಲ್ಕು ವಾರ. ಎಕ್ಸ್‌ರೇ ಸರಿಯಿತ್ತು, ಕಫದಲ್ಲಿ ಟಿಬಿ ಇರಲಿಲ್ಲ, ಐಜಿಜಿ ಜೋರಾಗಿ ಏರಿತ್ತು. ಆ ಹೊತ್ತಿಗೆ ಅಜ್ಜಿಗೆ ಔಷಧಿಯಿಂದ ಅಂಥ ಉಪಯೋಗವಿಲ್ಲ. ಮನೆಯಲ್ಲಿ ಕೂಸು ಇದೆಯಾ ಅಂದೆ. ಎರಡು ತಿಂಗಳ ಮೊಮ್ಮಗಳು, ಪೆಂಟಾ (ನಾಯಿಕೆಮ್ಮಿನದೂ ಸೇರಿದ ಕೂಸುಗಳ ಲಸಿಕೆ) ಒಂದೇ ಡೋಸ್ ಆಗಿತ್ತು, ಮೂರು ದಿನದಿಂದ ಕೆಮ್ಮು. ಕೂಸಿನ ರಕ್ತ ತೆಗೆಯಲಿಲ್ಲ, ಅದರ ಮೈಯಲ್ಲಿ ತಾಯಿಯ ಆಂಟಿಬಾಡಿಯೇ ಇರಬಹುದು. ಸ್ವಾಬ್ ಕಳಿಸಿ, ರಿಪೋರ್ಟಿಗೆ ಕಾಯದೆ ಅಜಿತ್ರೋಮೈಸಿನ್ ಆಂಟಿಬಯಾಟಿಕ್ ಶುರು ಮಾಡಿ, ಅವತ್ತೇ ಮಕ್ಕಳ ವಾರ್ಡಿಗೆ ಸೇರಿಸಿದೆ. ನಾಲ್ಕನೇ ದಿನ ಪಿಸಿಆರ್ ಪಾಸಿಟಿವ್ ಅಂತ ಬಂತು.