ರಾಜಧಾನಿಯೋ, ಎರಡನೆಯ ನಗರವೋ: ಪ್ರವಾಸಕ್ಕೆ ಮುನ್ನ ನಿರ್ಧರಿಸುವ ಬಗೆ

ಹೊಸ ದೇಶವೊಂದಕ್ಕೆ ಹೊರಟವರ ಕೈಯಲ್ಲಿ ನಾಲ್ಕೈದು ದಿನವಷ್ಟೇ ಇದ್ದಾಗ, ರಾಜಧಾನಿಯಲ್ಲೇ ಉಳಿಯುವುದೋ ಅಥವಾ ಆ ದೇಶದ ಎರಡನೆಯ ನಗರಕ್ಕೆ ಹೋಗುವುದೋ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹೆಚ್ಚಿನವರು ಎರಡೂ ಊರುಗಳ ಪ್ರೇಕ್ಷಣೀಯ ಸ್ಥಳಗಳ ಪಟ್ಟಿಯನ್ನು ಅಕ್ಕಪಕ್ಕ ಇಟ್ಟುಕೊಂಡು ಹೋಲಿಸುತ್ತಾರೆ. ಹಾಗೆ ಹೋಲಿಸಿದರೆ ಸಾಮಾನ್ಯವಾಗಿ ರಾಜಧಾನಿಯೇ ಗೆಲ್ಲುತ್ತದೆ, ಏಕೆಂದರೆ ಅರಮನೆ, ಸಂಸತ್ತು, ರಾಷ್ಟ್ರೀಯ ವಸ್ತುಸಂಗ್ರಹಾಲಯಗಳೆಲ್ಲ ಅಧಿಕಾರ ಇದ್ದ ಕಡೆಗೇ ಬಂದು ಸೇರುತ್ತವೆ. ಆದರೆ ಪಟ್ಟಿಗಿಂತ ಮೊದಲು ಲೆಕ್ಕ ಹಾಕಬೇಕಾದದ್ದು, ನೀವು ಎಷ್ಟು ರಾತ್ರಿ ತಂಗುತ್ತೀರಿ ಮತ್ತು ಪ್ರತಿ ನಗರದಿಂದ ಒಂದು ಗಂಟೆಯ ಪ್ರಯಾಣದಲ್ಲಿ ಏನೇನು ಸಿಗುತ್ತದೆ ಎಂಬುದನ್ನು ಎಂದು ನಾನು ನಂಬುತ್ತೇನೆ.

ದಿನಗಳನ್ನಲ್ಲ, ರಾತ್ರಿಗಳನ್ನು ಎಣಿಸಿ ಎಂದು ಹೇಳುವುದಕ್ಕೆ ಕಾರಣವಿದೆ. ಪೋರ್ಚುಗಲ್‌ನ ಲಿಸ್ಬನ್‌ನಿಂದ ಪೋರ್ಟೊಗೆ ವೇಗದ ರೈಲು ಸುಮಾರು ಮೂರು ಗಂಟೆ ತೆಗೆದುಕೊಳ್ಳುತ್ತದೆ, ಆದರೆ ಬೆಳಿಗ್ಗೆ ಪೆಟ್ಟಿಗೆ ಕಟ್ಟಿ ಕೋಣೆ ಖಾಲಿ ಮಾಡುವುದು, ನಿಲ್ದಾಣ ತಲುಪುವುದು, ಪೋರ್ಟೊದ ಅಂಚಿನಲ್ಲಿರುವ ಕಾಂಪಾನ್ಯಾ ನಿಲ್ದಾಣದಲ್ಲಿ ಇಳಿದು ಊರೊಳಗಿನ ಸಾವ್ ಬೆಂತೊಗೆ ಇನ್ನೊಂದು ರೈಲು ಹಿಡಿಯುವುದು, ಹೋಟೆಲಿನಲ್ಲಿ ಕೋಣೆ ಸಿಗುವ ತನಕ ಕಾಯುವುದು, ಇಷ್ಟೆಲ್ಲ ಸೇರಿದರೆ ಮಧ್ಯಾಹ್ನ ಕಳೆದಿರುತ್ತದೆ. ನಾಲ್ಕು ರಾತ್ರಿಯೊಳಗಿನ ಪ್ರವಾಸವಾದರೆ ಒಂದೇ ನಗರವನ್ನು ಆರಿಸಿಕೊಳ್ಳಿ. ಆರು ರಾತ್ರಿ ಇದ್ದರೆ ಎರಡನ್ನೂ ನೋಡಬಹುದು, ಆದರೆ ಒಂದು ನಗರಕ್ಕೆ ಬಂದಿಳಿದು ಇನ್ನೊಂದರಿಂದ ಮರಳುವಂತೆ ವಿಮಾನದ ಟಿಕೆಟ್ ಮಾಡಿಸಿ. ಬಂದ ದಾರಿಯಲ್ಲೇ ಹಿಂದಿರುಗುವ ಅರ್ಧ ದಿನ ಉಳಿಯುತ್ತದೆ.

ಇದೇ ಜೋಡಿಯನ್ನು ಇನ್ನಷ್ಟು ಹತ್ತಿರದಿಂದ ನೋಡಿದರೆ ಎರಡು ಬಗೆಯ ನಗರಗಳ ವ್ಯತ್ಯಾಸ ತಿಳಿಯುತ್ತದೆ. ಲಿಸ್ಬನ್ ವಿಸ್ತಾರವಾದ ಊರು. 1755ರ ಭೂಕಂಪದಲ್ಲಿ ನೆಲಸಮವಾದ ಮೇಲೆ ಅಳತೆ ಹಿಡಿದು ಕಟ್ಟಿದ ನೇರ ಬೀದಿಗಳ ಬೈಷಾ ಒಂದು ಕಡೆ, ಅದಕ್ಕೆ ಅಂಟಿಕೊಂಡೇ ಬೆಟ್ಟ ಹತ್ತುವ ಅಲ್ಫಾಮಾದ ಓಣಿಗಳು, ಟ್ರಾಮ್ ಹಿಡಿದು ಹೋಗಬೇಕಾದ ದೂರದಲ್ಲಿ ಬೆಲೆಮ್‌ನ ಜೆರೋನಿಮೊಸ್ ಮಠ. ಯಾವ ದಿನ ಯಾವ ದಿಕ್ಕು ಎಂದು ಮೊದಲೇ ಯೋಜಿಸದಿದ್ದರೆ ಅಲ್ಲಿ ಸಮಯ ಸೋರಿಹೋಗುತ್ತದೆ. ಪೋರ್ಟೊ ಹಾಗಲ್ಲ, ಅದು ನಡೆದಷ್ಟೂ ತಾನಾಗಿ ತೆರೆದುಕೊಳ್ಳುವ ಊರು. ಸಾವ್ ಬೆಂತೊ ನಿಲ್ದಾಣದ ಹಜಾರಕ್ಕೆ ಕಾಲಿಟ್ಟರೆ ಸುಮಾರು 20,000 ಟೈಲುಗಳ ಮೇಲೆ ಬಿಡಿಸಿದ ಚಿತ್ರಗಳು ಗೋಡೆ ತುಂಬ ಕಾಣುತ್ತವೆ, ಅವುಗಳಲ್ಲಿ 1415ರಲ್ಲಿ ಉತ್ತರ ಆಫ್ರಿಕಾದ ಸೇವ್ಟಾ ನಗರ ಪೋರ್ಚುಗೀಸರ ವಶವಾದ ದೃಶ್ಯವೂ ಇದೆ. ಅಲ್ಲಿಂದ ಕೆಲವೇ ನಿಮಿಷ ನಡೆದರೆ 1886ರ ದೊನ್ ಲೂಯಿಸ್ ಕಬ್ಬಿಣದ ಸೇತುವೆ. ಅದರ ಮೇಲಂತಸ್ತಿನಲ್ಲಿ ಮೆಟ್ರೊ ರೈಲಿನ ಪಕ್ಕದಲ್ಲೇ ಜನ ನಡೆಯುತ್ತಾರೆ, ಕೆಳಗೆ ದೋರು ನದಿ ಹರಿಯುತ್ತದೆ, ಎದುರು ದಡದ ಗಾಯಾದಲ್ಲಿ ಪೋರ್ಟ್ ವೈನ್ ಹದವಾಗಲು ಇಡುವ ಉಗ್ರಾಣಗಳ ಹೆಂಚಿನ ಮಾಡುಗಳು ಸಾಲಾಗಿ ಕಾಣುತ್ತವೆ. ಊರು ಯಾವ ವ್ಯಾಪಾರದಿಂದ ಬೆಳೆಯಿತೆಂಬುದು ಟಿಕೆಟ್ ಇಲ್ಲದೆಯೇ ಕಣ್ಣಿಗೆ ಕಾಣುವುದು ಎರಡನೆಯ ನಗರಗಳ ದೊಡ್ಡ ಗುಣ. ಇತಿಹಾಸವನ್ನು ಸಂಗ್ರಹಾಲಯದಲ್ಲಿ ಕ್ರಮವಾಗಿ ನೋಡುವ ಆಸೆಯಿದ್ದವರು ಲಿಸ್ಬನ್‌ಗೆ ಹೋಗಲಿ. ಮೂರೇ ದಿನ ಇದ್ದು ಆತುರವಿಲ್ಲದೆ ತಿರುಗಾಡಬೇಕೆನ್ನುವವರಿಗೆ ನಾನು ಪೋರ್ಟೊವನ್ನೇ ಹೇಳುತ್ತೇನೆ.

ಇನ್ನು ಒಂದು ಗಂಟೆಯ ಸುತ್ತಳತೆಯ ಮಾತು. ಜಪಾನ್‌ನಲ್ಲಿ ಟೋಕಿಯೊ ಬಿಟ್ಟು ಒಸಾಕಾದಲ್ಲಿ ತಂಗಿದವರು ನಗರವೊಂದನ್ನೇ ಆರಿಸಿಕೊಂಡಂತಲ್ಲ: ಕ್ಯೋಟೊ ಸಾಮಾನ್ಯ ರೈಲಿನಲ್ಲಿ ಅರ್ಧ ಗಂಟೆ, ಕೋಬೆ ಅಷ್ಟೂ ಇಲ್ಲ, ನಾರಾ ಮುಕ್ಕಾಲು ಗಂಟೆಯಷ್ಟು, ಹಿಮೇಜಿ ಕೋಟೆ ಒಂದು ಗಂಟೆ. ಪ್ರತಿ ಸಂಜೆ ಅದೇ ಕೋಣೆಗೆ ಮರಳಬಹುದು. ಆದ್ದರಿಂದ ನಕ್ಷೆಯಲ್ಲಿ ಎರಡೂ ನಗರಗಳ ಸುತ್ತ ಒಂದು ಗಂಟೆಯ ವೃತ್ತ ಎಳೆದು ನೋಡಿ. ಎಷ್ಟೋ ಸಲ ಉತ್ತರ ಅಲ್ಲೇ ಸಿಗುತ್ತದೆ.

ರಾಜಧಾನಿ ಎಂಬ ಹೆಸರಿನಿಂದ ಮೋಸ ಹೋಗದಿರುವುದೂ ಮುಖ್ಯ. ಟರ್ಕಿಯ ರಾಜಧಾನಿ 1923ರಿಂದ ಅಂಕಾರಾ, ಬ್ರೆಜಿಲ್‌ನದು 1960ರಿಂದ ಬ್ರೆಸಿಲಿಯಾ. ಇಂಥ ಕಡೆ ಹಳೆಯ ಸ್ಮಾರಕಗಳೂ ಬಂದರುಗಳೂ ಇಸ್ತಾಂಬುಲ್, ರಿಯೊಗಳಲ್ಲೇ ಉಳಿದಿವೆ. ಮೊದಲ ಭೇಟಿಗೆ ಅವೇ ಸರಿ.

ಹವೆ ಮತ್ತು ವಾರದ ದಿನ, ಇವೆರಡನ್ನು ಕೊನೆಗೆ ಬಿಡಬೇಡಿ. ವಿಯೆಟ್ನಾಂನ ಹನೋಯ್ ನಗರದಲ್ಲಿ ಜನವರಿಯೆಂದರೆ ಚಳಿ, ಮೋಡ ಮುಸುಕಿದ ಆಕಾಶ. ಅದೇ ತಿಂಗಳು ಹೋ ಚಿ ಮಿನ್ ನಗರದಲ್ಲಿ ಬಿಸಿಲು, ಮಳೆಯಿಲ್ಲದ ಕಾಲ. ಇವೆರಡರ ನಡುವೆ 1,726 ಕಿಲೋಮೀಟರಿನ ರೈಲು ದಾರಿಯಿದೆ, ಪ್ರಯಾಣಕ್ಕೆ ಮೂವತ್ತು ಗಂಟೆಗೂ ಹೆಚ್ಚು ಬೇಕು. ಕಡಿಮೆ ದಿನದವರಿಗೆ ಇಲ್ಲಿ ಎರಡನ್ನೂ ನೋಡುವ ಮಾತೇ ಬರುವುದಿಲ್ಲ, ವಿಮಾನ ಹತ್ತದ ಹೊರತು. ವಾರದ ರಜೆಯೂ ಹೀಗೆಯೇ ಕಾಡುತ್ತದೆ: ಜೆರೋನಿಮೊಸ್ ಮಠಕ್ಕೆ ಸೋಮವಾರ ರಜೆ, ಮ್ಯಾಡ್ರಿಡ್‌ನಲ್ಲಿ ಪಿಕಾಸೊನ ಗೆರ್ನಿಕಾ ಚಿತ್ರವಿರುವ ರೇಯ್ನಾ ಸೋಫಿಯಾ ಸಂಗ್ರಹಾಲಯಕ್ಕೆ ಮಂಗಳವಾರ. ರಾಜಧಾನಿಗೆ ಹೋಗುವ ಮುಖ್ಯ ಕಾರಣವೇ ಒಂದು ಸಂಗ್ರಹಾಲಯವಾಗಿದ್ದರೆ, ಟಿಕೆಟ್ ಕೊಳ್ಳುವ ಮೊದಲು ಅದರ ರಜಾದಿನ ನೋಡಿಕೊಳ್ಳಿ. ಹಬ್ಬಗಳಿಂದ ನಿರ್ಧಾರ ತಿರುಗುಮುರುಗಾಗುವುದೂ ಉಂಟು. ಜೂನ್ 23ರ ರಾತ್ರಿ ಪೋರ್ಟೊದಲ್ಲಿ ಸಂತ ಜಾನ್ ಹಬ್ಬಕ್ಕೆ ಇಡೀ ಊರು ಬೀದಿಗಿಳಿದು, ಪ್ಲಾಸ್ಟಿಕ್ ಸುತ್ತಿಗೆಯಿಂದ ಎದುರಾದವರ ತಲೆಯನ್ನು ಮೆಲ್ಲನೆ ತಟ್ಟುತ್ತದೆ. ಆ ವಾರ ಹೋಗುವವರು ಕೋಣೆಯನ್ನು ತಿಂಗಳುಗಳ ಮೊದಲೇ ಕಾದಿರಿಸಬೇಕು.

ಎರಡೂ ನಗರ ನೋಡುವುದೆಂದು ನಿರ್ಧರಿಸಿದವರು, ದೂರದ ವಿಮಾನ ರಾಜಧಾನಿಯಿಂದಲೇ ಹೊರಡುವುದಾದರೆ, ಮೊದಲು ಎರಡನೆಯ ನಗರ ಮುಗಿಸಿ ಕಡೆಯ ಎರಡು ರಾತ್ರಿಯನ್ನು ರಾಜಧಾನಿಯಲ್ಲಿ ಕಳೆಯುವುದು ಒಳ್ಳೆಯದು. ನಡುವಿನ ರೈಲು ಮುಷ್ಕರದಿಂದಲೋ ಮಳೆಯಿಂದಲೋ ನಿಂತುಹೋದರೂ ಮರುದಿನ ಇನ್ನೊಂದು ರೈಲು ಹಿಡಿಯುವಷ್ಟು ಅವಕಾಶ ಆಗ ನಿಮ್ಮ ಕೈಯಲ್ಲಿರುತ್ತದೆ.