ಟರ್ನರನ ಕೋಟೆಯನ್ನು ನಾನು ಬಿಡಿಸಿದ್ದು ಹೀಗೆ

ಜಲವರ್ಣದಲ್ಲಿ ಕೋಟೆ ಅಂದ ತಕ್ಷಣ ಕಲ್ಲು ಕಲ್ಲನ್ನೂ ಬಿಡಿಸಲು ಕೈ ತುರಿಸುತ್ತದೆ. ಆ ಚಟ ಬಿಡಿಸಿದ್ದು ಇಂಗ್ಲಿಷ್ ಚಿತ್ರಕಾರ ಟರ್ನರನ ನಾರಮ್ ಕೋಟೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಗಡಿಯಲ್ಲಿ, ಟ್ವೀಡ್ ನದಿಯ ದಡದ ಮೇಲಿನ ಪಾಳುಕೋಟೆ ಅದು. ಟರ್ನರ್ 1797ರಲ್ಲಿ ಅಲ್ಲಿಗೆ ಹೋದ. ಮರುವರ್ಷ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಅದರ ಜಲವರ್ಣ ಚಿತ್ರವನ್ನು ಪ್ರದರ್ಶನಕ್ಕಿಟ್ಟ. 1845ರ ಸುಮಾರಿಗೆ ಅದನ್ನೇ ತೈಲವರ್ಣದಲ್ಲಿ ಮಾಡಿದಾಗ ಕೋಟೆ ಬರೀ ನೀಲಿ ಮಬ್ಬಾಗಿ ಉಳಿದಿತ್ತು.

ಈ ಚಿತ್ರದಲ್ಲಿ ಸೂರ್ಯ ಹುಟ್ಟುವುದು ಕೋಟೆಯ ಹಿಂದೆ. ಅಂದರೆ ನಮಗೆ ಕಾಣುವ ಮುಖವೆಲ್ಲ ನೆರಳು. ಹಾಗಿದ್ದ ಮೇಲೆ ಕಿಟಕಿ, ಬಿರುಕು ಎಲ್ಲಿಂದ ಬರಬೇಕು?

ನಾನು 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹತ್ತಿ ಕಾಗದ ತೆಗೆದುಕೊಂಡೆ. ಕಾಗದವನ್ನು ಪೂರ್ತಿ ಒದ್ದೆ ಮಾಡಿ, ಸೂರ್ಯನ ಜಾಗ ಬಿಟ್ಟು, ಸುತ್ತ ತೆಳುವಾಗಿ ಯೆಲ್ಲೋ ಓಕರ್ ಹರಿಸಿದೆ. ಮೇಲಿನ ಆಕಾಶಕ್ಕೆ ಕೋಬಾಲ್ಟ್ ಬ್ಲೂ. ಫಜೀತಿ ಇರುವುದು ಇವೆರಡೂ ಸೇರುವ ಕಡೆ. ಹಳದಿಗೆ ನೀಲಿ ತಾಗಿದರೆ ಬೆಳಗಿನ ಆಕಾಶ ಹಸಿರಾಗುತ್ತದೆ, ಅಲ್ವಾ? ಅದಕ್ಕೆ ನಡುವೆ ಇಟ್ಟಿಗೆಗೆಂಪಿನ ಲೈಟ್ ರೆಡ್‌ನ ತೀರಾ ನೀರಾದ ಪಟ್ಟಿ ಎಳೆದೆ. ಹಸಿರಿನ ಬದಲು ಬೂದು ಬಂತು. ಬೆಳಗಿನ ಮಂಜಿಗೆ ಅದೇ ಬೇಕಿತ್ತು. ಈ ಹೊತ್ತಿನಲ್ಲಿ ಫ್ಯಾನ್ ಆಫ್ ಇರಲಿ. ಬಣ್ಣ ತಾನೇ ಹರಡಿಕೊಳ್ಳಬೇಕು.

ಪೂರ್ತಿ ಒಣಗಿದ ಮೇಲೆ ಕೋಟೆ. ಕೋಬಾಲ್ಟ್‌ಗೆ ಚೂರು ಲೈಟ್ ರೆಡ್ ಸೇರಿಸಿ, ದೊಡ್ಡ ಬ್ರಷ್‌ನಲ್ಲಿ ಒಂದೇ ಸಲಕ್ಕೆ ಇಡೀ ಆಕಾರ ಹಾಕಿದೆ. ಕಪ್ಪು ಮುಟ್ಟಲೇ ಇಲ್ಲ. ಮೇಲಿನ ಅಂಚು ಚೂಪಾಗಿಯೇ ಇರಲಿ ಅಂತ ಬಿಟ್ಟೆ. ಕೆಳಗಿನ ಅಂಚು ಆರುವ ಮೊದಲೇ ಬರೀ ನೀರಿನ ಬ್ರಷ್ ಎಳೆದು ಕರಗಿಸಿದೆ. ಕೋಟೆ ಮಂಜಿನ ಮೇಲೆ ನಿಂತ ಹಾಗೆ ಕಾಣುವುದು ಈ ಒಂದು ಕೆಲಸದಿಂದ. ಇದಕ್ಕೆ ಸಿಗುವ ಸಮಯ ತೀರಾ ಕಡಿಮೆ, ಆಗ ಫೋನ್ ಬಂದರೂ ಎತ್ತಬೇಡಿ!

ನದಿಯಲ್ಲಿ ಅದೇ ನೀಲಿ, ಇನ್ನಷ್ಟು ತೆಳುವಾಗಿ. ಬೆಳಕಿನ ದಾರಿಗೆ ಒದ್ದೆ ಬ್ರಷ್ ಆಡಿಸಿ ಟಿಶ್ಯೂನಿಂದ ಒತ್ತಿ ಬಣ್ಣ ಎತ್ತಿದೆ. ಚಿತ್ರದ ಮುಂಭಾಗದಲ್ಲಿ ನೀರಿಗಿಳಿದ ಹಸುಗಳಿಗೆ ಮಾತ್ರ ಕೆಂಗಂದಿನ ಗಾಢ ಬರ್ನ್ಟ್ ಸಿಯೆನ್ನಾ. ಹತ್ತಿರದಲ್ಲಿ ಇಷ್ಟಾದರೂ ಗಟ್ಟಿ ಬಣ್ಣ ಇಲ್ಲದಿದ್ದರೆ ಕೋಟೆ ದೂರ ಹೋಗುವುದೇ ಇಲ್ಲ.

ನೀರಿನ ಮಿಂಚನ್ನು ಕೊನೆಗೆ ಬ್ಲೇಡಿನ ತುದಿಯಿಂದ ಕೆರೆದೆ. ಟರ್ನರ್ ಇದಕ್ಕೆ ಉಗುರನ್ನೂ ಬಳಸುತ್ತಿದ್ದ ಅನ್ನುತ್ತಾರೆ. ಕಾಗದ ಪೂರ್ತಿ ಒಣಗಿರಬೇಕು, ಇಲ್ಲದಿದ್ದರೆ ಎಳೆ ಎಳೆಯಾಗಿ ಏಳುತ್ತದೆ. ತೆಳು ಡ್ರಾಯಿಂಗ್ ಶೀಟ್ ಆದರಂತೂ ಹರಿದೇ ಹೋಗುತ್ತದೆ.