ಸುಂಕದಕಟ್ಟೆಯ ಗಾಣಕ್ಕೆ ಕೊಬ್ಬರಿ ಹೊಂದಿಸಿದ್ದು

2019ರಲ್ಲಿ ಬೆಂಗಳೂರಿನ ಸುಂಕದಕಟ್ಟೆಯಲ್ಲಿ ಮರದ ಗಾಣ ಹಾಕಿದೆವು. ಮೊದಲ ಮಳೆಗಾಲದಲ್ಲೇ ಪೆಟ್ಟು ತಿಂದೆ. ಕಡಿಮೆ ರೇಟಿಗೆ ಸಿಕ್ಕಿತೆಂದು ಆರು ಮೂಟೆ ಹೋಳು ಕೊಬ್ಬರಿ ತಂದು ಸಿಮೆಂಟ್ ನೆಲದ ಮೇಲೆ ಇಟ್ಟಿದ್ದೆ. ಜುಲೈ ತಿಂಗಳು. ವಾರಗಟ್ಟಲೆ ಮೋಡ, ಜಿಟಿಜಿಟಿ ಮಳೆ. ಹತ್ತು ದಿನ ಬಿಟ್ಟು ಮೂಟೆ ಬಿಚ್ಚಿದರೆ ಹಸಿರು ಬೂಷ್ಟು. ಒರೆಸಿ ಗಾಣಕ್ಕೆ ಹಾಕಿ, ಏನೂ ಆಗಲ್ಲ ಅಂದವರಿದ್ದರು. ನನಗೆ ಮನಸ್ಸು ಬರಲಿಲ್ಲ. ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಅನ್ನೋ ವಿಷ ಸೇರಬಹುದು, ಅದು ಒರೆಸಿದರೆ ಹೋಗುವುದಿಲ್ಲ. ಆರೂ ಮೂಟೆ ಎಸೆದೆ.

ಹಸಿ ಕಾಯಿಯ ತಿರುಳಿನಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇರುತ್ತದೆ. ಒಣಗಿದ ಮೇಲೆ ಅದು ನೂರಕ್ಕೆ ಆರರಷ್ಟಕ್ಕೆ ಇಳಿದಿರಬೇಕು. ಈಗ ಪ್ರತಿ ಮೂಟೆಗೂ ತಳದವರೆಗೆ ಕೈ ಹಾಕಿ ನಾಲ್ಕು ಹೋಳು ತೆಗೆಯುತ್ತೇನೆ. ಮುರಿದರೆ ಟಕ್ ಅನ್ನಬೇಕು. ಬಾಗಿದರೆ ವಾಪಸ್. ಜಾಸ್ತಿ ಬೆಳ್ಳಗಿದ್ದರೆ ಮೂಸಿ ನೋಡುತ್ತೇನೆ, ಗಂಧಕದ ಹೊಗೆ ಕೊಟ್ಟಿದ್ದರೆ ಮೂಗಿಗೆ ಹೊಡೆಯುತ್ತದೆ. ಮೂಟೆಗಳೆಲ್ಲ ಮರದ ಹಲಗೆಯ ಮೇಲೆ, ಗೋಡೆಗೆ ತಾಗದ ಹಾಗೆ.

ತಿಪಟೂರಿನ ಹತ್ತಿರ ನನ್ನ ಸೋದರಮಾವನ ತೋಟ ಇದೆ. 2023ರಲ್ಲಿ ಅಲ್ಲಿನ ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಲ್‌ಗೆ 8,000 ರೂಪಾಯಿ ಆಸುಪಾಸಿಗೆ ಬಿತ್ತು. ಕೇಂದ್ರದ ಬೆಂಬಲ ಬೆಲೆಯೇ 11,750 ಇತ್ತು. ತಿಂಗಳುಗಟ್ಟಲೆ ಅಟ್ಟದಲ್ಲಿ ಕಾಯ್ದ ಕೊಬ್ಬರಿ ಅದು. "ಮಗಾ, ಸುಲಿಯೋ ಕೂಲಿನೂ ಹುಟ್ಟಲ್ಲ" ಅಂದರು ಮಾವ. ಆ ದನಿ ಇನ್ನೂ ನೆನಪಿದೆ.

2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ಆದರೆ ಅಷ್ಟು ಹೊತ್ತಿಗೆ ಮಾವನ ಅಟ್ಟ ಖಾಲಿ. 2023ರ ಬರಕ್ಕೆ ಹರಳು, ಅಂದರೆ ಪುಟ್ಟ ಎಳೆಕಾಯಿಗಳು, ಉದುರಿತ್ತು. ಆಮೇಲೆ ಬಿಳಿ ನೊಣ ಬಂದು ಗರಿಗಳೆಲ್ಲ ಮಸಿ ಬಳಿದ ಹಾಗೆ ಕಪ್ಪಾದವು. ಸುಮ್ನೆ ಔಷಧಿ ಹೊಡೆದರೆ ಆ ನೊಣವನ್ನು ತಿನ್ನುವ ಪುಟ್ಟ ಕಣಜಗಳೂ ಸಾಯುತ್ತವೆ ಅಂತ ತಿಳಿದ ಮೇಲೆ ಮಾವ ಬರೀ ನೀರನ್ನೇ ರಭಸವಾಗಿ ಹಾಯಿಸಿದರು. ಉಳಿದ ಫಸಲನ್ನು ಎಳನೀರಿಗೆ ಕೊಟ್ಟರು. ಎಳನೀರು ಏಳು ತಿಂಗಳಿಗೇ ದುಡ್ಡು. ಕೊಬ್ಬರಿಗಾದರೆ ಕಾಯಿ ಬಲಿಯಲು ಹನ್ನೊಂದು ಹನ್ನೆರಡು ತಿಂಗಳು, ಆಮೇಲೆ ಒಣಗಿಸುವುದು, ಸುಲಿಯುವುದು. ಮರ ಹತ್ತುವವರೂ ಸಿಗುವುದಿಲ್ಲ. ಮಾವ ಮಾಡಿದ್ದು ಸರಿ ಅಲ್ವಾ?

ನಮ್ಮ ಗಾಣದಲ್ಲಿ 100 ಕೆಜಿ ಕೊಬ್ಬರಿ ಆಡಿಸಿದರೆ 60 ಕೆಜಿ ಎಣ್ಣೆ ಬಂದರೆ ಹೆಚ್ಚು. ಕೊಬ್ಬರಿಗೆ 20,000 ಕೊಟ್ಟರೆ ಒಂದು ಕೆಜಿ ಎಣ್ಣೆಗೆ ಕೊಬ್ಬರಿಯ ಖರ್ಚೇ 333 ರೂಪಾಯಿ. ಕರೆಂಟು, ಬಾಡಿಗೆ, ಬಾಟಲಿ ಬೇರೆ. ಸ್ವಲ್ಪ ಪಾಮ್ ಎಣ್ಣೆ ಬೆರೆಸಿ, ಯಾರಿಗೂ ಗೊತ್ತಾಗಲ್ಲ ಅಂತ ಒಬ್ಬರು ಹೇಳಿದರು. ಮಗುವಿನ ತಲೆಗೆ ಹಚ್ಚಲು ಒಯ್ಯುವ ತಾಯಂದಿರ ಮುಖ ನೋಡಿಕೊಂಡು ಅದನ್ನು ಹೇಗೆ ಮಾಡಲಿ? ಬದಲಿಗೆ ಈ ಲೆಕ್ಕವನ್ನೇ ಅಂಗಡಿ ಮುಂದೆ ಬೋರ್ಡಿನಲ್ಲಿ ಬರೆದೆ. ವಾರಕ್ಕೊಮ್ಮೆ ಕೊಬ್ಬರಿ ರೇಟು ತಿದ್ದುತ್ತೇನೆ. 200 ಮಿಲಿ ಬಾಟಲಿ ಶುರು ಮಾಡಿದೆ. ಹಿಂಡಿಯನ್ನು ಮಾಗಡಿ ರಸ್ತೆಯ ಹಸು ಸಾಕುವವರು ಒಯ್ಯುತ್ತಾರೆ. ಕೆಲವು ಗಿರಾಕಿಗಳು ಬಿಟ್ಟು ಹೋದರು. ಜಾಸ್ತಿ ಜನ ಉಳಿದರು.

ಈ ಸಲ ಮಾವನಿಗೆ ಮುಂಗಡ ಕೊಟ್ಟಿದ್ದೇನೆ. ಇಪ್ಪತ್ತು ಮರ ಎಳನೀರಿಗೆ ಕೊಡದೆ ಬಿಟ್ಟಿದ್ದಾರೆ. ಕಾಯಿ ಬಲಿಯಲು ಇನ್ನೂ ನಾಲ್ಕು ತಿಂಗಳಿದೆ.